ನಮ್ಮದೇ ರಕ್ತದ ಕೋಶಗಳು ಕ್ಯಾನ್ಸರಿಗೆ ಮದ್ದಾಗುವುದು ಹೇಗೆ?

ಕೆಲವು ವರ್ಷಗಳಿಂದ ಕ್ಯಾನ್ಸರ್ ಬಗ್ಗೆ ಒಂದೇ ಥರದ ಸುದ್ದಿ ಮತ್ತೆ ಮತ್ತೆ ಬರುತ್ತಿದೆ. ಕೀಮೋಗೂ ಬಗ್ಗದ ರಕ್ತದ ಕ್ಯಾನ್ಸರ್. ರೋಗಿಯ ರಕ್ತದಿಂದ ಒಂದಿಷ್ಟು ಕೋಶ ತೆಗೆದರು, ಲ್ಯಾಬಿನಲ್ಲಿ ಅವುಗಳೊಳಗೆ ಹೊಸ ಜೀನ್ ಸೇರಿಸಿದರು, ವಾಪಸ್ ಮೈಗೆ ಹಾಕಿದರು. ತಿಂಗಳು ಕಳೆಯುವಷ್ಟರಲ್ಲಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಕಾಣಿಸಲೇ ಇಲ್ಲ. ಸುದ್ದಿ ಸುಳ್ಳಲ್ಲ. ಆದರೆ ಅದು ನಾಲ್ಕು ಕೈ ದಾಟಿ ನಮ್ಮ ಫೋನಿಗೆ ಬರುವಷ್ಟರಲ್ಲಿ "ಒಂದೇ ಇಂಜೆಕ್ಷನ್, ಎಲ್ಲಾ ಕ್ಯಾನ್ಸರ್ ಮಾಯ" ಆಗಿರುತ್ತದೆ. ಮನೆಯಲ್ಲಿ ಕಾಯಿಲೆ ಇಟ್ಟುಕೊಂಡವರು ಅದನ್ನು ಓದಿ ಆಸೆಯಿಂದ ಡಾಕ್ಟರ್ ಹತ್ತಿರ ಹೋಗುತ್ತಾರೆ. ಅವರು "ಇದು ನಿಮ್ಮ ಕ್ಯಾನ್ಸರಿಗೆ ಆಗಲ್ಲ" ಅಂದಾಗ ಯಾಕೆ ಅಂತ ತಿಳಿಯದೆ ಒದ್ದಾಡುತ್ತಾರೆ. ಒಬ್ಬರಿಗೆ ಆಗುವುದು ಇನ್ನೊಬ್ಬರಿಗೆ ಯಾಕೆ ಆಗಲ್ಲ? ಉತ್ತರ ಅಷ್ಟೇನೂ ಕಗ್ಗಂಟಲ್ಲ. ಬುಡದಿಂದ ನೋಡೋಣ.

## ಜೀನ್ ಚಿಕಿತ್ಸೆ ಅಂದರೇನು, ಕೋಶ ಚಿಕಿತ್ಸೆ ಅಂದರೇನು

ನಮ್ಮ ಮೈಯೆಲ್ಲ ಕೋಶಗಳಿಂದ ಆಗಿದೆ. ಹೆಚ್ಚೂಕಮ್ಮಿ ಪ್ರತಿ ಕೋಶದೊಳಗೂ ಡಿಎನ್‌ಎ ಇರುತ್ತದೆ. ಯಾವ ಪ್ರೋಟೀನ್ ಹೇಗೆ ತಯಾರಾಗಬೇಕು ಎಂಬ ಸೂಚನೆ ಇರುವ ಡಿಎನ್‌ಎ ತುಂಡೇ ಜೀನ್. ಕೋಶ ಯಾವಾಗ ಒಡೆದು ಎರಡಾಗಬೇಕು, ಯಾವಾಗ ಸಾಯಬೇಕು ಅನ್ನುವುದೂ ಜೀನ್‌ಗಳ ಹಿಡಿತದಲ್ಲೇ ಇದೆ. ಆ ಸೂಚನೆಗಳು ಕೆಟ್ಟು, ಕೋಶ ನಿಲ್ಲದೆ ಹೆಚ್ಚುತ್ತಾ ಹೋದರೆ ಅದು ಕ್ಯಾನ್ಸರ್.

ಕೋಶದೊಳಗೆ ಹೊಸ ಜೀನ್ ಸೇರಿಸುವುದು ಅಥವಾ ಇರುವ ಜೀನನ್ನು ತಿದ್ದುವುದು ಜೀನ್ ಚಿಕಿತ್ಸೆ. ಮಾತ್ರೆ, ಔಷಧದ ಬದಲು ಜೀವಂತ ಕೋಶಗಳನ್ನೇ ಕೊಡುವುದು ಕೋಶ ಚಿಕಿತ್ಸೆ. ಎರಡನೆಯದು ಹೊಸದೇನೂ ಅಲ್ಲ. ಅಸ್ಥಿಮಜ್ಜೆ ಕಸಿ, ಅಂದರೆ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್, ಅದೂ ಕೋಶ ಚಿಕಿತ್ಸೆಯೇ. ಅದನ್ನು ಬೆಳೆಸಿದ ಡೊನಾಲ್ ಥಾಮಸ್ ಅವರಿಗೆ 1990ರಲ್ಲೇ ನೊಬೆಲ್ ಬಂದಿದೆ. ಈಗ ಸದ್ದು ಮಾಡುತ್ತಿರುವುದು ಎರಡೂ ಸೇರಿದ ಚಿಕಿತ್ಸೆ. ಕೋಶ ತೆಗೆದು, ಅದರ ಜೀನ್ ಬದಲಿಸಿ, ಆಮೇಲೆ ಅದನ್ನೇ ಮದ್ದಾಗಿ ಕೊಡುವುದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ ಅಲ್ವಾ? ಕೆಟ್ಟಿರುವುದು ಕ್ಯಾನ್ಸರ್ ಕೋಶದ ಜೀನ್, ಹಾಗಾದರೆ ಅದನ್ನೇ ಸರಿಮಾಡಬಾರದಾ? ಮೊದಲು ಎಲ್ಲರೂ ಯೋಚಿಸಿದ್ದು ಹಾಗೇ. ಅನೇಕ ಕ್ಯಾನ್ಸರುಗಳಲ್ಲಿ ಪಿ53 ಅನ್ನುವ ಜೀನ್ ಕೆಟ್ಟಿರುತ್ತದೆ. ಸರಿಯಾದ ಪಿ53 ಜೀನನ್ನು ವೈರಸ್ಸಿನೊಳಗಿಟ್ಟು ಗಡ್ಡೆಗೆ ಚುಚ್ಚುವ ಔಷಧಕ್ಕೆ ಚೀನಾ 2003ರಲ್ಲೇ ಒಪ್ಪಿಗೆ ಕೊಟ್ಟಿತು. ಆದರೆ ಆ ದಾರಿ ಜಾಸ್ತಿ ದೂರ ಹೋಗಲಿಲ್ಲ. ಹುಟ್ಟಿನಿಂದ ಬಂದ ಕೆಲವು ಕಾಯಿಲೆಗಳಲ್ಲಿ ಒಂದು ಪಾಲು ಕೋಶ ಸರಿಹೋದರೂ ರೋಗಿ ಸುಧಾರಿಸುತ್ತಾರೆ. ಕ್ಯಾನ್ಸರಿನಲ್ಲಿ ಹಾಗಲ್ಲ. ಗಡ್ಡೆಯಲ್ಲಿ ಕೋಟಿಗಟ್ಟಲೆ ಕೋಶಗಳಿರುತ್ತವೆ, ಅವುಗಳಲ್ಲಿ ಕೆಲವು ತಪ್ಪಿಸಿಕೊಂಡರೂ ಸಾಕು, ಮತ್ತೆ ಬೆಳೆಯುತ್ತವೆ. ಪ್ರತಿಯೊಂದಕ್ಕೂ ಜೀನ್ ತಲುಪಿಸುವುದು ಯಾರ ಕೈಲೂ ಆಗಲಿಲ್ಲ.

ಹಾಗಾಗಿ ವಿಜ್ಞಾನಿಗಳು ಯೋಚನೆಯನ್ನೇ ತಿರುಗಿಸಿದರು. ಕ್ಯಾನ್ಸರ್ ಕೋಶ ಇದ್ದ ಹಾಗೇ ಇರಲಿ, ಅದನ್ನು ಕೊಲ್ಲುವ ಕೋಶದ ಜೀನ್ ಬದಲಿಸೋಣ.

## ಕೊಲ್ಲುವ ಕೋಶ ಯಾವುದು

ರಕ್ತದ ಬಿಳಿ ಕಣಗಳಲ್ಲಿ ಟಿ ಕೋಶ ಅಂತ ಒಂದು ಜಾತಿ ಇದೆ. ವೈರಸ್ ಹೊಕ್ಕ ಕೋಶಗಳನ್ನು ಹುಡುಕಿ ಸಾಯಿಸುವುದು ಇವುಗಳ ಕೆಲಸ. ಒಂದು ಟಿ ಕೋಶ ಒಂದಾದ ಮೇಲೊಂದು ಎಷ್ಟೋ ಕೋಶಗಳನ್ನು ಮುಗಿಸಬಲ್ಲದು. ತನಗೆ ಬೇಕಾದದ್ದು ಸಿಕ್ಕಿದ ಕೂಡಲೇ ತಾನೇ ಒಡೆದು ಸಾವಿರವಾಗಬಲ್ಲದು. ಮಾತ್ರೆ ಮೈಸೇರಿ ಕರಗಿಹೋಗುತ್ತದೆ. ಇದು ಮೈಯೊಳಗೆ ಬೆಳೆಯುತ್ತದೆ.

ಇಷ್ಟು ಶಕ್ತಿ ಇದ್ದರೂ ಕ್ಯಾನ್ಸರ್ ಯಾಕೆ ಬರುತ್ತದೆ? ಯಾಕೆಂದರೆ ಕ್ಯಾನ್ಸರ್ ಕೋಶ ಹೊರಗಿನದಲ್ಲ, ನಮ್ಮದೇ. ಟಿ ಕೋಶದ ಕಣ್ಣಿಗೆ ಅದು ಮನೆಯವರ ಥರವೇ ಕಾಣುತ್ತದೆ. ಪೊಲೀಸ್ ನಾಯಿಗೆ ಕಳ್ಳನ ಬಟ್ಟೆ ಮೂಸಿಸಿ ಬಿಡುತ್ತಾರಲ್ಲ, ಹಾಗೆ ಟಿ ಕೋಶಕ್ಕೂ ಯಾವುದಾದರೂ ಒಂದು ಗುರುತು ಹಿಡಿಸಬೇಕು. ನಾಯಿ ಎಷ್ಟೇ ಚುರುಕಾಗಿರಲಿ, ತಪ್ಪು ಬಟ್ಟೆ ಮೂಸಿಸಿದರೆ ತಪ್ಪು ಮನುಷ್ಯನನ್ನೇ ಕಚ್ಚುತ್ತದೆ. ಈ ಚಿಕಿತ್ಸೆಯ ಗೆಲುವು, ಸೋಲು, ಅಡ್ಡಪರಿಣಾಮ ಎಲ್ಲವೂ ಬಹುತೇಕ ಇದೊಂದರ ಸುತ್ತಲೇ ತಿರುಗುತ್ತವೆ: ಯಾವ ಗುರುತು?

ಗುರುತು ಹಿಡಿಸುವ ಉಪಾಯ ಮೊದಮೊದಲು ಕಂಡುಕೊಂಡವರಲ್ಲಿ ಇಸ್ರೇಲಿನ ವೈಜ್ಮನ್ ಸಂಸ್ಥೆಯ ವಿಜ್ಞಾನಿ ಝೆಲಿಗ್ ಎಶ್ಹಾರ್ ಮತ್ತು ಜೊತೆಯವರು ಮುಖ್ಯರು. 1989ರಲ್ಲಿ ಅವರು ಎರಡು ಬೇರೆ ಬೇರೆ ಪ್ರೋಟೀನುಗಳ ತುಂಡು ಜೋಡಿಸಿ ಒಂದು ಕೃತಕ ಪ್ರೋಟೀನ್ ಮಾಡಿದರು. ಕೋಶದ ಹೊರಗೆ ಚಾಚಿಕೊಂಡಿರುವ ಭಾಗ ಗುರುತನ್ನು ಹಿಡಿಯುತ್ತದೆ, ಒಳಗಿನ ಭಾಗ "ಕೊಲ್ಲು" ಅಂತ ಸಂಕೇತ ಕೊಡುತ್ತದೆ. ಈ ಪ್ರೋಟೀನಿಗೆ ಕಾರ್ ಅಂತ ಹೆಸರು, ಅದನ್ನು ಹೊತ್ತ ಟಿ ಕೋಶವೇ ಕಾರ್-ಟಿ. ಮೊದಮೊದಲು ಮಾಡಿದ ಕಾರ್-ಟಿ ಕೋಶಗಳು ಮೈಯೊಳಗೆ ಹೋಗಿ ಸ್ವಲ್ಪ ದಿನಕ್ಕೇ ಸುಸ್ತಾಗಿ ಸಾಯುತ್ತಿದ್ದವು. ಒಳಭಾಗಕ್ಕೆ "ಬದುಕು, ಹೆಚ್ಚು" ಅನ್ನುವ ಎರಡನೇ ಸಂಕೇತವನ್ನೂ ಜೋಡಿಸಿದ ಮೇಲೇ ಅವು ನಿಜವಾಗಿ ಕೆಲಸಕ್ಕೆ ಬಂದವು. ಇದಕ್ಕೆಲ್ಲ 20 ವರ್ಷ ಹಿಡಿಯಿತು.

## ರಕ್ತದ ಕ್ಯಾನ್ಸರಿನಲ್ಲೇ ಮೊದಲು ಗೆದ್ದದ್ದು ಯಾಕೆ

ಸಿಡಿ19 ಅನ್ನುವ ಒಂದು ಪ್ರೋಟೀನ್ ಇದೆ. ಬಿಳಿ ಕಣಗಳ ಇನ್ನೊಂದು ಜಾತಿಯಾದ ಬಿ ಕೋಶಗಳ ಮೈಮೇಲೆ ಇರುತ್ತದೆ. ಬಿ ಕೋಶದಿಂದ ಹುಟ್ಟುವ ಲ್ಯುಕೇಮಿಯಾ, ಲಿಂಫೋಮಾ ಎಂಬ ರಕ್ತದ ಕ್ಯಾನ್ಸರುಗಳ ಕೋಶಗಳ ಮೇಲೂ ಇರುತ್ತದೆ. ಕಾರ್-ಟಿಗೆ ಮೊದಲು ಹಿಡಿಸಿದ ಯಶಸ್ವಿ ಗುರುತು ಇದೇ.

ಗಮನಿಸಿ, ಸಿಡಿ19 ಕ್ಯಾನ್ಸರಿನ ಗುರುತು ಅಲ್ಲವೇ ಅಲ್ಲ. ಅದು ಬಿ ಕೋಶದ ಗುರುತು. ಕಾರ್-ಟಿ ಕೋಶಕ್ಕೆ ಒಳ್ಳೆಯ ಬಿ ಕೋಶ, ಕೆಟ್ಟ ಬಿ ಕೋಶ ಅನ್ನುವ ಭೇದ ಗೊತ್ತಾಗುವುದಿಲ್ಲ, ಎರಡನ್ನೂ ಕೊಲ್ಲುತ್ತದೆ. ಆದರೂ ಚಿಕಿತ್ಸೆ ನಡೆಯುತ್ತದೆ, ಯಾಕೆಂದರೆ ಮನುಷ್ಯ ಬಿ ಕೋಶಗಳಿಲ್ಲದೆಯೂ ಬದುಕಬಲ್ಲ. ಬಿ ಕೋಶದ ಮುಖ್ಯ ಕೆಲಸ ಸೋಂಕಿನ ವಿರುದ್ಧ ಪ್ರತಿಕಾಯ ಮಾಡುವುದು, ಆ ಪ್ರತಿಕಾಯಗಳನ್ನು ಬೇರೆಯವರ ರಕ್ತದಿಂದ ತೆಗೆದು ಡ್ರಿಪ್ ಮೂಲಕ ಆಗಾಗ ಕೊಡಬಹುದು. ಮಲ್ಟಿಪಲ್ ಮೈಲೋಮಾ ಅನ್ನುವ ಇನ್ನೊಂದು ರಕ್ತದ ಕ್ಯಾನ್ಸರಿಗೆ ಬಳಸುವ ಬಿಸಿಎಂಎ ಗುರುತಿನದೂ ಇದೇ ಕಥೆ.

ನನ್ನ ಪ್ರಕಾರ ಇಡೀ ವಿಷಯದಲ್ಲಿ ಇದೊಂದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಕ್ಯಾನ್ಸರನ್ನಷ್ಟೇ ಗುರುತಿಸುವ ವಿದ್ಯೆ ಸಿಕ್ಕಿತು ಅಂತ ರಕ್ತದ ಕ್ಯಾನ್ಸರಿನಲ್ಲಿ ಗೆದ್ದದ್ದಲ್ಲ. ಆ ಇಡೀ ಜಾತಿಯ ಕೋಶವನ್ನೇ ಕಳೆದುಕೊಂಡರೂ ನಡೆಯುತ್ತದೆ ಅಂತ ಗೆದ್ದದ್ದು.

## ಚಿಕಿತ್ಸೆ ನಡೆಯುವುದು ಹೀಗೆ

ರೋಗಿಯ ರಕ್ತವನ್ನು ಒಂದು ಯಂತ್ರದ ಮೂಲಕ ಹಾಯಿಸಿ ಬಿಳಿ ಕಣಗಳನ್ನು ಬೇರೆ ಮಾಡಿಕೊಳ್ಳುತ್ತಾರೆ, ಉಳಿದ ರಕ್ತ ವಾಪಸ್ ಮೈಗೆ ಹೋಗುತ್ತದೆ. ಕೆಲವು ಗಂಟೆಗಳ ಕೆಲಸ. ಲ್ಯಾಬಿನಲ್ಲಿ ಟಿ ಕೋಶಗಳಿಗೆ ಕಾರ್ ಜೀನ್ ಸೇರಿಸಬೇಕು. ಅದನ್ನು ಹೊತ್ತೊಯ್ಯುವುದು ವೈರಸ್. ಹಲವು ಕಡೆ ಬಳಸುವುದು ಎಚ್‌ಐವಿಯಿಂದಲೇ ತಯಾರಿಸಿದ, ರೋಗ ತರುವ ಭಾಗಗಳನ್ನೆಲ್ಲ ಕಿತ್ತುಹಾಕಿದ ವೈರಸ್. ಕೇಳಿದರೆ ಭಯ ಆಗುತ್ತದೆ, ಆದರೆ ಅದಕ್ಕೆ ಜೀನ್ ಒಳಸೇರಿಸುವುದು ಬಿಟ್ಟರೆ ಬೇರೇನೂ ಮಾಡಲು ಬರುವುದಿಲ್ಲ. ಆಮೇಲೆ ಕೋಶಗಳನ್ನು ಕೋಟಿಗಳ ಲೆಕ್ಕದಲ್ಲಿ ಬೆಳೆಸಿ, ಪರೀಕ್ಷಿಸಿ, ಶೈತ್ಯದಲ್ಲಿಟ್ಟು ಆಸ್ಪತ್ರೆಗೆ ಕಳಿಸುತ್ತಾರೆ. ಇದಕ್ಕೆ ಸಾಮಾನ್ಯವಾಗಿ 2ರಿಂದ 4 ವಾರ.

ಇಷ್ಟು ಹೊತ್ತು ಕ್ಯಾನ್ಸರ್ ಸುಮ್ನೆ ಕೂತಿರುವುದಿಲ್ಲ. ಕಾಯುವಾಗಲೇ ಕಾಯಿಲೆ ಕೈಮೀರಿ ಹೋಗುವವರೂ ಇದ್ದಾರೆ. ಹಾಗಾಗಿ ನಡುವೆ ಬೇರೆ ಔಷಧ ಕೊಟ್ಟು ಅದನ್ನು ಹಿಡಿದಿಡಬೇಕಾಗುತ್ತದೆ.

ಕೋಶಗಳು ಬಂದ ಮೇಲೆ ಮೊದಲು ಕೆಲವು ದಿನ ಹಗುರ ಕೀಮೋ. ಇದು ಕ್ಯಾನ್ಸರಿಗಿಂತ ಜಾಸ್ತಿ, ಹೊಸ ಕೋಶಗಳಿಗೆ ಜಾಗ ಮಾಡಿಕೊಡಲು. ಆಮೇಲೆ ಕಾರ್-ಟಿ ಕೋಶಗಳನ್ನು ಡ್ರಿಪ್‌ನಲ್ಲಿ ಕೊಡುತ್ತಾರೆ. ಹೆಚ್ಚೆಂದರೆ ಅರ್ಧ ಗಂಟೆ. "ಒಂದೇ ಇಂಜೆಕ್ಷನ್" ಅನ್ನುವ ಮಾತು ಹುಟ್ಟಿದ್ದು ಈ ಅರ್ಧ ಗಂಟೆಯಿಂದ.

ಒಬ್ಬೊಬ್ಬ ರೋಗಿಗೂ ಔಷಧವನ್ನು ಬೇರೆ ಬೇರೆಯಾಗಿ ತಯಾರಿಸಬೇಕು ಅನ್ನುವುದನ್ನು ನೆನಪಿಡಿ. ಈ ಚಿಕಿತ್ಸೆ ತುಂಬಾ ದುಬಾರಿ, ಅದಕ್ಕೆ ದೊಡ್ಡ ಕಾರಣಗಳಲ್ಲಿ ಇದೂ ಒಂದು.

## ಫಲಿತಾಂಶ ಎಷ್ಟು ನಿಜ

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಜೂನ್ ತಂಡ 2010ರಲ್ಲಿ ಲ್ಯುಕೇಮಿಯಾ ಇದ್ದ ಮೂವರಿಗೆ ಈ ಚಿಕಿತ್ಸೆ ಕೊಟ್ಟಿತು. ಅವರಲ್ಲಿ ಇಬ್ಬರ ಕ್ಯಾನ್ಸರ್ ಪೂರ್ತಿ ಮರೆಯಾಯಿತು. ಆ ಇಬ್ಬರ ರಕ್ತದಲ್ಲಿ 10 ವರ್ಷ ಕಳೆದ ಮೇಲೂ ಕಾರ್-ಟಿ ಕೋಶಗಳು ಬದುಕಿದ್ದವು ಅಂತ 2022ರಲ್ಲಿ ಪ್ರಕಟವಾಯಿತು. ಒಮ್ಮೆ ಕೊಟ್ಟ ಮದ್ದು ಹತ್ತು ವರ್ಷ ಮೈಯಲ್ಲಿ ಕಾವಲು ನಿಂತಿರುವುದು ಬೇರೆ ಯಾವ ಕ್ಯಾನ್ಸರ್ ಔಷಧದಲ್ಲಿ ಕೇಳಿದ್ದೇವೆ ಹೇಳಿ.

2017ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೊದಲ ಕಾರ್-ಟಿ ಔಷಧ ಕಿಮ್ರಾಯಾಗೆ ಒಪ್ಪಿಗೆ ಕೊಟ್ಟಿತು. ಅದರ ಮುಖ್ಯ ಪ್ರಯೋಗದಲ್ಲಿ ಇದ್ದವರು, ಬೇರೆ ಚಿಕಿತ್ಸೆಗೆ ಬಗ್ಗದ ಲ್ಯುಕೇಮಿಯಾ ಇದ್ದ ಮಕ್ಕಳು ಮತ್ತು ಎಳೆಯ ವಯಸ್ಸಿನವರು. 3 ತಿಂಗಳೊಳಗೆ ಶೇ. 81 ಮಂದಿಯಲ್ಲಿ ಕ್ಯಾನ್ಸರ್ ಕಾಣಿಸದಂತಾಯಿತು. ಸುದ್ದಿಗಳು ಇಲ್ಲಿಗೇ ನಿಲ್ಲುತ್ತವೆ. ಅದೇ ವರದಿಯ ಮುಂದಿನ ಅಂಕಿ ನೋಡಿ: ಒಂದು ವರ್ಷದ ಹೊತ್ತಿಗೆ ಬದುಕಿದ್ದವರು ಶೇ. 76, ಕಾಯಿಲೆ ಮರುಕಳಿಸದೆ ಆರಾಮಾಗಿದ್ದವರು ಶೇ. 50. ಎಲ್ಲಾ ದಾರಿ ಮುಚ್ಚಿದ್ದವರಲ್ಲಿ ಅರ್ಧದಷ್ಟು ಜನ ಅಂದರೆ ಅದು ದೊಡ್ಡ ಸಾಧನೆಯೇ. ಆದರೆ ಉಳಿದರ್ಧ ಜನರೂ ಇದ್ದಾರೆ.

## ಅಡ್ಡಪರಿಣಾಮ: ಮದ್ದು ಕೆಲಸ ಮಾಡುವುದೇ ಅಪಾಯ

ಕೋಟ್ಯಂತರ ಟಿ ಕೋಶಗಳು ಒಟ್ಟಿಗೆ ಕೆರಳಿದರೆ ರಕ್ತದಲ್ಲಿ ಸೈಟೊಕೈನ್ ಅನ್ನುವ ರಾಸಾಯನಿಕಗಳು ವಿಪರೀತ ಏರುತ್ತವೆ. ಜ್ವರ ಸುಡುತ್ತದೆ, ಬಿಪಿ ಕುಸಿಯುತ್ತದೆ, ಉಸಿರಾಟ ಕಷ್ಟವಾಗುತ್ತದೆ. ಇದಕ್ಕೆ ಸೈಟೊಕೈನ್ ರಿಲೀಸ್ ಸಿಂಡ್ರೋಮ್ ಅನ್ನುತ್ತಾರೆ. 2012ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಕಾರ್-ಟಿ ಪಡೆದ 6 ವರ್ಷದ ಹುಡುಗಿ ಇದರಿಂದ ಸಾವಿನ ಅಂಚಿಗೆ ಹೋಗಿದ್ದಳು. ರಕ್ತ ಪರೀಕ್ಷಿಸಿದಾಗ ಐಎಲ್-6 ಅನ್ನುವ ಒಂದು ಸೈಟೊಕೈನ್ ಹದ್ದುಮೀರಿ ಏರಿತ್ತು. ಅದನ್ನು ತಡೆಯುವ ಔಷಧ ಒಂದಿದೆ, ಟೋಸಿಲಿಜುಮಾಬ್, ಆದರೆ ಅದು ಸಂಧಿವಾತದ್ದು. ಕಾರ್ಲ್ ಜೂನ್ ಅವರ ಮಗಳಿಗೇ ಸಂಧಿವಾತ ಇದ್ದದ್ದರಿಂದ ಅವರಿಗೆ ಆ ಔಷಧದ ಬಗ್ಗೆ ಗೊತ್ತಿತ್ತು! ಕೊಟ್ಟು ಕೆಲವೇ ಗಂಟೆಗಳಲ್ಲಿ ಹುಡುಗಿ ಚೇತರಿಸಿಕೊಳ್ಳಲು ಶುರುಮಾಡಿದಳು. ಆಕೆಗೆ ಕ್ಯಾನ್ಸರ್ ಮರುಕಳಿಸಲಿಲ್ಲ. ಆ ಔಷಧ ಅವತ್ತು ಹೊಳೆಯದಿದ್ದರೆ ಇಡೀ ಕಾರ್-ಟಿ ಕಥೆ ಅಲ್ಲೇ ನಿಂತುಬಿಡುತ್ತಿತ್ತೋ ಏನೋ.

ಕೆಲವರಿಗೆ ಮಿದುಳಿಗೂ ತೊಂದರೆಯಾಗುತ್ತದೆ. ಮಾತು ತಡವರಿಸುತ್ತದೆ, ಗೊಂದಲ, ಕೆಲವೊಮ್ಮೆ ಫಿಟ್ಸ್. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಹೋಗುತ್ತದೆ, ಆದರೂ ನಿಗಾ ಬೇಕು. ಅದಕ್ಕೇ ಡ್ರಿಪ್ ಮುಗಿದ ಮೇಲೆ ವಾರಗಟ್ಟಲೆ ಆಸ್ಪತ್ರೆಯಲ್ಲೋ ಅದರ ಹತ್ತಿರವೋ ಇರಬೇಕು. ಬಿ ಕೋಶಗಳು ಹೋದದ್ದರಿಂದ ಸೋಂಕಿನ ಭಯ ಬೇರೆ. ಹೊಸ ಜೀನ್ ಡಿಎನ್‌ಎಯಲ್ಲಿ ತಪ್ಪು ಜಾಗದಲ್ಲಿ ಕೂತರೆ ಟಿ ಕೋಶವೇ ಕ್ಯಾನ್ಸರ್ ಆಗುವ ಅಪಾಯವೂ ಇದೆ. ಅದು ಅಪರೂಪ, ಆದರೂ 2024ರಲ್ಲಿ ಎಫ್‌ಡಿಎ ಈ ಔಷಧಗಳ ಮೇಲೆ ಆ ಎಚ್ಚರಿಕೆ ಹಾಕಿಸಿತು.

## ಹೋದ ಕ್ಯಾನ್ಸರ್ ಮತ್ತೆ ಬರುವುದು ಹೇಗೆ

ಕೆಲವೊಮ್ಮೆ ಕಾರ್-ಟಿ ಕೋಶಗಳೇ ಬೇಗ ಸಾಯುತ್ತವೆ. ಇನ್ನು ಕೆಲವೊಮ್ಮೆ ಕ್ಯಾನ್ಸರ್ ಗುರುತನ್ನೇ ಕಳಚಿಹಾಕುತ್ತದೆ. ಸಿಡಿ19 ಇಲ್ಲದ ಒಂದೆರಡು ಕೋಶ ಉಳಿದಿದ್ದರೂ ಸಾಕು, ಕಾರ್-ಟಿ ಅವುಗಳ ಪಕ್ಕದಲ್ಲೇ ಹಾದು ಹೋಗುತ್ತದೆ, ಕಾಣುವುದೇ ಇಲ್ಲ. ಇದಕ್ಕೆ ಪರಿಹಾರವಾಗಿ ಎರಡು ಗುರುತುಗಳನ್ನು ಒಟ್ಟಿಗೆ ಹಿಡಿಯುವ ಕಾರ್-ಟಿಗಳು ಪ್ರಯೋಗದಲ್ಲಿವೆ.

2018ರಲ್ಲಿ ವರದಿಯಾದ ಒಂದು ಪ್ರಕರಣ ಇನ್ನೂ ವಿಚಿತ್ರ. ತಯಾರಿಕೆಯ ವೇಳೆ ಟಿ ಕೋಶಗಳ ಜೊತೆ ಒಂದೇ ಒಂದು ಲ್ಯುಕೇಮಿಯಾ ಕೋಶ ಉಳಿದುಕೊಂಡಿತ್ತು, ಅದಕ್ಕೂ ಕಾರ್ ಜೀನ್ ಸೇರಿಬಿಟ್ಟಿತು. ಅದರ ಕಾರ್ ಹೋಗಿ ಅದರದೇ ಸಿಡಿ19ಗೆ ಅಂಟಿಕೊಂಡು ಗುರುತನ್ನು ಮುಚ್ಚಿಹಾಕಿತು. ಆ ಒಂದು ಕೋಶದಿಂದ ಇಡೀ ಕಾಯಿಲೆ ವಾಪಸ್ ಬಂತು.

## ಗಡ್ಡೆ ಕ್ಯಾನ್ಸರುಗಳ ಕಷ್ಟ

ಶ್ವಾಸಕೋಶ, ಸ್ತನ, ಕರುಳು, ಮೇದೋಜೀರಕ ಗ್ರಂಥಿ. ಜಾಸ್ತಿ ಜನರಿಗೆ ಬರುವುದು ಇಂಥ ಗಡ್ಡೆ ಕಟ್ಟುವ ಕ್ಯಾನ್ಸರುಗಳೇ. ಇಲ್ಲೂ ಗುರುತುಗಳಿವೆ, ಆದರೆ ಅವು ನಾವು ಕಳೆದುಕೊಳ್ಳಲು ಆಗದ ಅಂಗಗಳಲ್ಲೂ ಇರುತ್ತವೆ. ಬಿ ಕೋಶ ಇಲ್ಲದೆ ಬದುಕಬಹುದು, ಶ್ವಾಸಕೋಶ ಇಲ್ಲದೆ ಆಗುತ್ತದಾ?

2010ರಲ್ಲಿ ಇದು ಕ್ರೂರವಾಗಿ ಗೊತ್ತಾಯಿತು. ಎಚ್‌ಇಆರ್2 ಅನ್ನುವ ಗುರುತಿನ ಕಾರ್-ಟಿಯನ್ನು ಕರುಳಿನ ಕ್ಯಾನ್ಸರ್ ಹರಡಿದ್ದ ಒಬ್ಬ ರೋಗಿಗೆ ಕೊಟ್ಟರು. 15 ನಿಮಿಷದಲ್ಲೇ ಉಸಿರಾಟ ಹದಗೆಟ್ಟಿತು, 5 ದಿನಕ್ಕೆ ರೋಗಿ ತೀರಿಕೊಂಡರು. ಶ್ವಾಸಕೋಶದ ಒಳ್ಳೆಯ ಕೋಶಗಳ ಮೇಲೂ ಎಚ್‌ಇಆರ್2 ತುಸುವೇ ತುಸು ಇರುತ್ತದೆ. ಟಿ ಕೋಶಗಳಿಗೆ ಅಷ್ಟೇ ಸಾಕಾಯಿತು.

ಬೇರೆ ಅಡ್ಡಿಗಳೂ ಇವೆ. ರಕ್ತದಲ್ಲಿ ಟಿ ಕೋಶ ಎಲ್ಲೆಡೆ ಓಡಾಡುತ್ತದೆ, ಗಡ್ಡೆಯೊಳಗೆ ಅದು ನುಗ್ಗಬೇಕು. ನುಗ್ಗಿದರೂ ಅಲ್ಲಿನ ವಾತಾವರಣ ಅದನ್ನು ಸುಸ್ತು ಮಾಡುತ್ತದೆ. ಮೇಲಾಗಿ ಒಂದೇ ಗಡ್ಡೆಯ ಎಲ್ಲಾ ಕೋಶಗಳಲ್ಲೂ ಒಂದೇ ಗುರುತು ಇರುವುದಿಲ್ಲ.

ಇಲ್ಲಿ ಎರಡು ಬೇರೆ ದಾರಿಗಳು ತೆರೆದಿವೆ. ಮೊದಲನೆಯದರಲ್ಲಿ ಗುರುತು ಹುಡುಕುವ ಕೆಲಸವನ್ನು ನಾವು ಮಾಡುವುದೇ ಇಲ್ಲ. ಗಡ್ಡೆಯೊಳಗೆ ಈಗಾಗಲೇ ನುಗ್ಗಿರುವ ಟಿ ಕೋಶಗಳಲ್ಲಿ ಕೆಲವಕ್ಕೆ ಅದರ ಗುರುತು ಹೇಗೂ ಗೊತ್ತಿದೆ, ಸಂಖ್ಯೆ ಸಾಲದು ಅಷ್ಟೇ. ಗಡ್ಡೆಯ ತುಂಡು ತೆಗೆದು, ಆ ಕೋಶಗಳನ್ನು ಲ್ಯಾಬಿನಲ್ಲಿ ನೂರಾರು ಕೋಟಿ ಆಗುವವರೆಗೆ ಬೆಳೆಸಿ ವಾಪಸ್ ಕೊಡುತ್ತಾರೆ. ಇದಕ್ಕೆ ಟಿಲ್ ಚಿಕಿತ್ಸೆ ಅಂತ ಹೆಸರು. ಅಮೆರಿಕದ ಸ್ಟೀವನ್ ರೋಸೆನ್‌ಬರ್ಗ್ 1980ರ ದಶಕದಿಂದಲೇ ಇದನ್ನು ಮಾಡುತ್ತಾ ಬಂದರು. ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರಿಗೆ ಆಮ್ಟಾಗ್ವಿ ಹೆಸರಿನಲ್ಲಿ ಒಪ್ಪಿಗೆ ಸಿಕ್ಕಿದ್ದು 2024ರ ಫೆಬ್ರವರಿಯಲ್ಲಿ. ಗಡ್ಡೆ ಕುಗ್ಗಿದ್ದು ಹತ್ತರಲ್ಲಿ ಸುಮಾರು ಮೂವರಿಗೆ.

ಎರಡನೆಯದು ಟಿಸಿಆರ್ ಚಿಕಿತ್ಸೆ. ಕಾರ್‌ಗೆ ಕೋಶದ ಮೈಮೇಲಿನದು ಮಾತ್ರ ಕಾಣುತ್ತದೆ. ಆದರೆ ಪ್ರತಿ ಕೋಶ ತನ್ನೊಳಗಿನ ಪ್ರೋಟೀನುಗಳ ಚೂರುಗಳನ್ನು ಎಚ್‌ಎಲ್‌ಎ ಅನ್ನುವ ಅಣುಗಳ ಮೇಲಿಟ್ಟು ಹೊರಗೆ ತೋರಿಸುತ್ತಿರುತ್ತದೆ. ಟಿ ಕೋಶದ ಸ್ವಂತ ಗ್ರಾಹಕಕ್ಕೆ, ಅಂದರೆ ಗುರುತು ಹಿಡಿಯಲು ಅದಕ್ಕೆ ಹುಟ್ಟಿನಿಂದಲೇ ಇರುವ ಪ್ರೋಟೀನಿಗೆ, ಅದು ಕಾಣುತ್ತದೆ. ಆ ಗ್ರಾಹಕದ ಜೀನನ್ನೇ ಬದಲಿಸಿದರೆ ಒಳಗಿನ ಗುರುತುಗಳೂ ಬಳಕೆಗೆ ಸಿಗುತ್ತವೆ. ಸೈನೋವಿಯಲ್ ಸಾರ್ಕೋಮಾ ಎಂಬ ಅಪರೂಪದ ಕ್ಯಾನ್ಸರಿಗೆ ಟೆಸೆಲ್ರಾ ಅನ್ನುವ ಇಂಥ ಔಷಧ 2024ರ ಆಗಸ್ಟ್‌ನಲ್ಲಿ ಬಂತು. ಷರತ್ತು ಏನೆಂದರೆ ರೋಗಿಯ ಎಚ್‌ಎಲ್‌ಎ ಮಾದರಿ ಹೊಂದಬೇಕು, ಗಡ್ಡೆಯಲ್ಲಿ ಆ ಗುರುತೂ ಇರಬೇಕು.

ಹಾಗಂತ ಕಾರ್-ಟಿಯನ್ನೂ ಕೈಬಿಟ್ಟಿಲ್ಲ. ಜಠರದ ಕ್ಯಾನ್ಸರಿನಲ್ಲಿ ಕ್ಲಾಡಿನ್ 18.2 ಎಂಬ ಗುರುತಿನ ಕಾರ್-ಟಿಯನ್ನು ಚೀನಾದಲ್ಲಿ ಮಾಮೂಲಿ ಔಷಧಗಳ ಎದುರು ಹೋಲಿಸಿ ನೋಡಿದರು. 2025ರಲ್ಲಿ ಬಂದ ಫಲಿತಾಂಶದ ಪ್ರಕಾರ, ಕಾಯಿಲೆ ಮುಂದುವರಿಯದೆ ಇದ್ದ ಅವಧಿ 1.77 ತಿಂಗಳಿಂದ 3.25 ತಿಂಗಳಿಗೆ ಏರಿತು. ಗೆಲುವು ಹೌದು, ಆದರೆ ರಕ್ತದ ಕ್ಯಾನ್ಸರಿನ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದರೆ ದಾರಿ ಎಷ್ಟಿದೆ ಅಂತ ತಿಳಿಯುತ್ತದೆ.

## ಗಡ್ಡೆಗೇ ಜೀನ್ ಕೊಡುವ ಚಿಕಿತ್ಸೆ ಮತ್ತೆ ಬಂದಿದೆ

ಪ್ರತಿ ಕೋಶಕ್ಕೂ ಜೀನ್ ತಲುಪಿಸಲು ಆಗಲ್ಲ ಅಂದೆವಲ್ಲ, ತಲುಪಿಸಬೇಕಾದ ಅಗತ್ಯವೇ ಇಲ್ಲದ ಉಪಾಯಗಳು ಬಂದಿವೆ. 2015ರಲ್ಲಿ ಎಫ್‌ಡಿಎ ಒಪ್ಪಿದ ಟಿ-ವೆಕ್ ಒಂದು ತಿದ್ದಿದ ಹರ್ಪಿಸ್ ವೈರಸ್. ಮೆಲನೋಮಾ ಗಡ್ಡೆಗೆ ಚುಚ್ಚಿದರೆ ಕ್ಯಾನ್ಸರ್ ಕೋಶಗಳನ್ನು ಒಡೆಯುತ್ತದೆ, ಜೊತೆಗೆ ತಾನು ಹೊತ್ತು ತಂದ ಜೀನ್‌ನಿಂದ ರೋಗನಿರೋಧಕ ಕೋಶಗಳನ್ನು ಅಲ್ಲಿಗೆ ಕರೆಯುತ್ತದೆ. 2022ರ ಡಿಸೆಂಬರ್‌ನಲ್ಲಿ ಬಂದ ಆಡ್‌ಸ್ಟಿಲಾಡ್ರಿನ್ ಮೂತ್ರಕೋಶದ ಒಂದು ಬಗೆಯ ಕ್ಯಾನ್ಸರಿಗೆ. 3 ತಿಂಗಳಿಗೊಮ್ಮೆ ಔಷಧವನ್ನು ನಳಿಕೆಯಿಂದ ಮೂತ್ರಕೋಶಕ್ಕೆ ಬಿಟ್ಟರೆ ಅಲ್ಲಿನ ಕೋಶಗಳು ಇಂಟರ್‌ಫೆರಾನ್ ಅನ್ನುವ ಕ್ಯಾನ್ಸರ್ ವಿರೋಧಿ ಪ್ರೋಟೀನನ್ನು ತಾವೇ ತಯಾರಿಸುತ್ತವೆ. ಒಂದಷ್ಟು ಕೋಶಗಳಿಗೆ ಜೀನ್ ತಲುಪಿದರೂ ಪ್ರೋಟೀನ್ ಸುತ್ತಲೂ ಹರಡುತ್ತದೆ.

## ಬೇರೆಯವರ ಕೋಶ, ತಿದ್ದಿದ ಜೀನ್

ಆರೋಗ್ಯವಂತ ದಾನಿಯ ಟಿ ಕೋಶಗಳಿಂದ ಮೊದಲೇ ಕಾರ್-ಟಿ ಮಾಡಿಟ್ಟರೆ ವಾರಗಟ್ಟಲೆ ಕಾಯಬೇಕಿಲ್ಲ. ತೊಡಕು ಏನೆಂದರೆ ದಾನಿಯ ಟಿ ಕೋಶಗಳಿಗೆ ರೋಗಿಯ ಇಡೀ ಮೈಯೇ ಪರಕೀಯ, ಅವು ಎಲ್ಲದರ ಮೇಲೂ ಬೀಳುತ್ತವೆ. ಹಾಗಾಗಿ ಅವುಗಳ ಸ್ವಂತ ಗ್ರಾಹಕದ ಜೀನನ್ನು ಕತ್ತರಿಸಿ ತೆಗೆಯಬೇಕು. ಕ್ರಿಸ್ಪರ್‌ನಂಥ ಜೀನ್ ಕತ್ತರಿಸುವ ತಂತ್ರಗಳು ಇಲ್ಲಿ ಕೆಲಸಕ್ಕೆ ಬರುತ್ತವೆ.

2022ರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯಲ್ಲಿ 13 ವರ್ಷದ ಹುಡುಗಿಯೊಬ್ಬಳಿಗೆ ಇಂಥ ಕೋಶ ಕೊಟ್ಟರು. ಅವಳದು ಟಿ ಕೋಶದ್ದೇ ಲ್ಯುಕೇಮಿಯಾ. ಸಮಸ್ಯೆ ಏನು ಗೊತ್ತಾ? ಹಿಡಿಸಬೇಕಾದ ಗುರುತು ಸಿಡಿ7 ಒಳ್ಳೆಯ ಟಿ ಕೋಶಗಳ ಮೇಲೂ ಇರುತ್ತದೆ, ಅಂದರೆ ಕಾರ್-ಟಿ ಕೋಶಗಳು ಒಂದನ್ನೊಂದು ಕೊಂದುಕೊಳ್ಳುತ್ತವೆ. ಅದಕ್ಕೆ ದಾನಿಯ ಕೋಶಗಳಲ್ಲಿ ಡಿಎನ್‌ಎಯ ಒಂದೊಂದು ಅಕ್ಷರ ತಿದ್ದಿ ಸಿಡಿ7 ಅನ್ನೇ ಅಳಿಸಿದರು. ಕ್ಯಾನ್ಸರ್ ಮರೆಯಾಯಿತು. ಆಮೇಲೆ ಅಸ್ಥಿಮಜ್ಜೆ ಕಸಿ ಮಾಡಿ ಅವಳ ರೋಗನಿರೋಧಕ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಿದರು.

ಇನ್ನೂ ಮುಂದಿನದು, ಕೋಶವನ್ನು ಹೊರಗೆ ತೆಗೆಯದೆಯೇ ಮೈಯೊಳಗೇ ಕಾರ್-ಟಿ ಮಾಡುವುದು. ಟಿ ಕೋಶಗಳನ್ನೇ ಹುಡುಕಿ ಹೋಗುವ ವೈರಸ್ ಅಥವಾ ಕೊಬ್ಬಿನ ಸೂಕ್ಷ್ಮ ಕಣದೊಳಗೆ ಜೀನ್ ಸೂಚನೆ ಇಟ್ಟು ಚುಚ್ಚುತ್ತಾರೆ. ಮನುಷ್ಯರ ಮೇಲೆ ಪ್ರಯೋಗ ಶುರುವಾಗಿದೆ, ಆದರೆ ತೀರಾ ಆರಂಭ.

## ಡಾಕ್ಟರ್ ಹತ್ತಿರ ಏನು ಕೇಳಬೇಕು

"ಜೀನ್ ಚಿಕಿತ್ಸೆ ಇದೆಯಾ" ಅಂತ ಕೇಳಿದರೆ ಉತ್ತರ ಸಿಗುವುದು ಕಷ್ಟ. ಕ್ಯಾನ್ಸರ್ ಹುಟ್ಟಿದ್ದು ಯಾವ ಬಗೆಯ ಕೋಶದಿಂದ, ಅದರ ಮೇಲೆ ಯಾವ ಗುರುತುಗಳಿವೆ ಅಂತ ಬಯಾಪ್ಸಿ ಅಥವಾ ರಕ್ತ ಪರೀಕ್ಷೆಯಲ್ಲಿ ನೋಡಿದ್ದೀರಾ, ಆ ಗುರುತಿಗೆ ಒಪ್ಪಿಗೆ ಪಡೆದ ಚಿಕಿತ್ಸೆ ಇದೆಯಾ ಇಲ್ಲಾ ಪ್ರಯೋಗ ಮಾತ್ರ ನಡೆಯುತ್ತಿದೆಯಾ ಅಂತ ಕೇಳಿ. ಸದ್ಯಕ್ಕೆ ಕಾರ್-ಟಿಗೆ ಒಪ್ಪಿಗೆ ಇರುವುದು ಮುಖ್ಯವಾಗಿ ಬಿ ಕೋಶದ ಲ್ಯುಕೇಮಿಯಾ, ಕೆಲವು ಬಗೆಯ ಲಿಂಫೋಮಾ ಮತ್ತು ಮಲ್ಟಿಪಲ್ ಮೈಲೋಮಾಕ್ಕೆ, ಅದೂ ಹೆಚ್ಚಾಗಿ ಬೇರೆ ಚಿಕಿತ್ಸೆ ಫಲಿಸದಿದ್ದಾಗ ಅಥವಾ ಕಾಯಿಲೆ ಮರುಕಳಿಸಿದಾಗ.

ಇನ್ನೊಂದು ಮಾತು. ಹಲವು ಸುತ್ತು ಕೀಮೋ ಆದ ಮೇಲೆ ರೋಗಿಯ ಟಿ ಕೋಶಗಳೇ ಸೊರಗಿರುತ್ತವೆ, ಅವುಗಳಿಂದ ಒಳ್ಳೆಯ ಕಾರ್-ಟಿ ಮಾಡುವುದು ಕಷ್ಟ. ಹಾಗಾಗಿ ಕಾಯಿಲೆ ಈ ಪಟ್ಟಿಯಲ್ಲಿದ್ದರೆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಬೇಡಿ, ಮುಂದಿನ ಚಿಕಿತ್ಸೆ ಏನು ಅಂತ ಮಾತಾಡುವಾಗಲೇ ಕೇಳಿಬಿಡಿ.